ಕಾಕಾನ ಕಂಪ್ಯೂಟರಿನ ಸ್ಪೀಕರ್ ಗುರುತು

ವೈರಸ್ ಹೊಕ್ಕಿತ್ತು ಎಂಬುದು ನಮ್ಮ ಮನೆಮಂದಿಯ ತೀರ್ಮಾನ. ದೇಶಪಾಂಡೆ ನಗರದ ಕಾಕಾನ ಕಂಪ್ಯೂಟರಿನ ಕೆಳಪಟ್ಟಿಯಿಂದ ಸ್ಪೀಕರಿನ ಗುರುತು ಮೇಲಿಂದ ಮೇಲೆ ಮಾಯವಾಗುತ್ತಿದ್ದ ಕಾಲದ ಮಾತು. ಗಡಿಯಾರ ಇದೆ, ನೆಟ್‌ವರ್ಕ್ ಇದೆ, ಸ್ಪೀಕರ್ ಒಂದೇ ಇಲ್ಲ. ಮೊದಲು ಸದ್ದಡಗಿಸಿ, ಆಮೇಲೆ ಸದ್ದು ಬಿಡಿಸುವ ಗುರುತನ್ನೇ ಬಚ್ಚಿಡುವಷ್ಟು ಶಿಸ್ತಿನ ವೈರಸ್ಸನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಇವತ್ತು ರಾಯಾಪುರದ ಆಫೀಸಿನಲ್ಲಿ, ಅಪ್‌ಡೇಟ್ ಆಗಿ ಎದ್ದ ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ಜಾಗ ಖಾಲಿ. ಹಾಗಾಗಿ ಒಂದಂಶ ಒಪ್ಪಿಕೊಳ್ಳುತ್ತೇನೆ: ಕಾಕಾನ ಮನೆಯಲ್ಲಿ ಮೊದಲ ಸಲ ಅದು ತಾನಾಗಿಯೇ ಹೋಗಿರಬಹುದು. ಆಮೇಲಿನದ್ದು ಬೇರೆ ಕಥೆ.

ಅರಳೆ ವ್ಯಾಪಾರ ಬಿಟ್ಟ ಮೇಲೆ ಕಾಕಾ ದಿನವಿಡೀ ಕಂಪ್ಯೂಟರಿನಲ್ಲಿ ಸುದ್ದಿಚಾನೆಲ್ಲಿನ ಚರ್ಚೆ ಹಚ್ಚಿ ಕೂಡುತ್ತಿದ್ದರು. ನನಗೆ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಸಿದವರೇ ಅವರು; ದೂರುವ ಬಾಯಿ ನನಗೆಲ್ಲಿದೆ? ಅವರ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಿಂದ ಏನಾದರೂ ಕೇಳಿದರೆ, "ತಡೀ, ಇಂವಾ ಏನಂತಾನ ಕೇಳೂಣು" ಅನ್ನುತ್ತಿದ್ದರು. ಅವನು ಹೇಳಿ ಮುಗಿಸುತ್ತಲೇ ಇರಲಿಲ್ಲ.

ಸದ್ದು ನಿಂತರೆ ನನಗೆ ಕರೆ. ಮೊದಲ ಸಲ ಪಾಠ ಹೇಳುವ ಗತ್ತಿನಲ್ಲಿ ತೋರಿಸಿದೆ: ಸೆಟ್ಟಿಂಗ್ಸ್, ಟಾಸ್ಕ್‌ಬಾರ್, ಸಿಸ್ಟಮ್ ಐಕಾನ್, ಇಲ್ಲಿ ಆನ್, ಇಲ್ಲಿ ಆಫ್. ಕಾಕಾ ಕನ್ನಡಕ ಹುಡುಕುತ್ತಿದ್ದರು. ಚಹಾ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದ ಕಾಕು, "ಇನ್ನೊಮ್ಮೆ ತೋರಸಪಾ" ಅಂದರು.

ಮತ್ತೊಮ್ಮೆ ಕರೆದಾಗ ಹೋದರೆ ಕಂಪ್ಯೂಟರಿನ ಮುಂದೆ ಯಾರೂ ಇಲ್ಲ. ಕಾಕಾ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದರು.

"ದಂಟ ಯಾಕ ಹಾಕಾಕತ್ತೀರಿ? ಎಲಿ ಅಷ್ಟ ಹಾಕ್ರಿ. ಇಷ್ಟ ವರ್ಷ ಅರಳಿ ಹೆಂಗ ಆರಿಸಿದ್ರೋ!" ಪಕ್ಕದಲ್ಲೇ ಕೂತ ಕಾಕು ಗದರಿದರು.

"ಅರಳಿ ನಿನ್ನಂಗ ಬೈತಿದ್ದಿಲ್ಲ" ಎಂದರು ಕಾಕಾ.

ಇಬ್ಬರೂ ನಗುತ್ತಿದ್ದರು. ನನ್ನನ್ನು ಕಂಡದ್ದೇ ಕಾಕಾ ಕೈ ಒರೆಸಿಕೊಂಡು ಎದ್ದರು. "ಬಂದ್ಯಾ? ಲಗೂ ಮಾಡು, ಚರ್ಚಾ ಚಾಲೂ ಆಗ್ತೈತಿ."

ನಾನು ಕಾಕುವಿನ ಮುಖ ನೋಡಿದೆ. "ವೈರಸ್ ಇರಬೇಕು ನೋಡ ತಮ್ಮಾ" ಅಂದರು, ಸೊಪ್ಪಿನಿಂದ ಕಣ್ಣೆತ್ತದೆ. ಗುರುತು ಮತ್ತೆ ಹಚ್ಚಿಕೊಟ್ಟು ಬಂದೆ. ಆಮೇಲೆ ಗುರುತು ಮಾಯವಾಯಿತೆಂದು ಕಾಕಾ ಕರೆಯಲೇ ಇಲ್ಲ.

ಇವತ್ತು ಮೀಟಿಂಗಿನಿಂದ ಮೀಟಿಂಗಿಗೆ ವಾದಿಸಿ ದಣಿದಿದ್ದೆ. ಖಾಲಿ ಜಾಗವನ್ನು ಹಾಗೇ ಬಿಟ್ಟು, ಕಾಕುಗೆ ಫೋನು ಹಚ್ಚಿದೆ. ಅವರ ಹಲೋದ ಹಿಂದೆ ಯಾವನೋ ಚರ್ಚೆಯಲ್ಲಿ ಕಿರುಚುತ್ತಿದ್ದ. "ಸ್ವಲ್ಪ ಜೋರ ಮಾತಾಡಪಾ, ಏನೂ ಕೇಳವಲ್ದು" ಅಂದರು.

ಜೋರಾಗಿಯೇ ಕೇಳಿದೆ: "ಕಾಕು, ಈಗ್ಯಾಕ ಆ ವೈರಸ್ ಬರವಲ್ದು?"