ಹೆಂಚಿಗೆ ಕಿವಿಗೊಟ್ಟು ನಿಂತವನು

೧೯೭೯ರ ಡಿಸೆಂಬರ್ ೧೬, ಭಾನುವಾರ. ಆಧಾರ: ನನ್ನ ದಿನಚರಿ ಮತ್ತು ಅದರ ಪುಟಕ್ಕೆ ಅಂಟಿಸಿಟ್ಟ ಲಿಸ್ಬನ್ ಟ್ರಾಮಿನ ಟಿಕೇಟು. ಎರಡನ್ನೂ ಇಂದು ಬೆಳಿಗ್ಗೆ ಸದಾಶಿವನಗರದ ನನ್ನ ಮನೆಯಲ್ಲಿ ಮತ್ತೊಮ್ಮೆ ತಾಳೆ ನೋಡಿದ್ದೇನೆ. ದಾಖಲೆಯಿಲ್ಲದ ಮಾತನ್ನು ನಾನು ಎಂದೂ ಅಚ್ಚಿಗೆ ಕೊಟ್ಟವನಲ್ಲ. ಇದು ನಡೆದದ್ದು.

ಪೋರ್ಚುಗೀಸರ ಹಳೆಯ ಕಾಗದಪತ್ರ ಓದಲು ನಾನು ಲಿಸ್ಬನ್ನಿಗೆ ಹೊರಟಾಗ ಖಾನಾಪುರದಿಂದ ಜೈನಬೀ ನನ್ನನ್ನು ಕಾಣಲು ಬಂದಿದ್ದಳು. ಅಲ್ಲಿ ನಮ್ಮ ತಂದೆಯ ಮನೆಯ ಹಿಂದೆ ಹೆಂಚಿನ ಕಾರ್ಖಾನೆಯಿತ್ತು. ಸುಟ್ಟ ಹೆಂಚುಗಳನ್ನು ಪರೀಕ್ಷಿಸುವವನು ಅವಳ ಗಂಡ ದಸ್ತಗೀರ. ಹೆಂಚಿಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಆಮೇಲೆ ಉಗುರಿನಿಂದ ಒಮ್ಮೆ ಗೀರುವುದು ಅವನೊಬ್ಬನ ಪದ್ಧತಿ. ಗೋವೆಗೆ ದುಡಿಯಲು ಹೋದವನು ಹಡಗು ಹತ್ತಿದ. ೧೯೬೧ರಲ್ಲಿ ಲಿಸ್ಬನ್ನಿನ ಅಂಚೆಮುದ್ರೆಯ ಒಂದು ಪತ್ರ ಬಂತು. ಅಷ್ಟೇ.

"ಮುನ್ನೂರು ವರ್ಷದ ಹಿಂದ ಸತ್ತವರನ್ನ ಹುಡುಕತೀರಿ ಸಾಹೇಬ್ರ, ನನ್ನ ಗಂಡ ಒಬ್ಬ ನಿಮಗ ಭಾರ ಆಗ್ಯಾನೇನ್ರಿ?" ಎಂದು ಚುಚ್ಚಿದಳು. ಆಮೇಲೆ ದನಿ ತಗ್ಗಿತು. "ಸತ್ತಾನಂದ್ರ ಇದ್ದತ್ ಕುಂದರತೇನ್ರಿ. ಅದಾನಂದ್ರ ಹಾದಿ ಕಾಯತೇನಿ. ಎರಡರ ನಡುವ ಬಾಳೂದು ಸಾಕಾಗೇತಿ."

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂತು ಆಚರಿಸುವ ಶೋಕ ಇದ್ದತ್. ಸಾವಿನ ಸುದ್ದಿಯೇ ಇಲ್ಲದ ಅವಳಿಗೆ ಹದಿನೆಂಟು ವರ್ಷದಿಂದ ಅತ್ತು ಮುಗಿಸುವ ಹಕ್ಕೂ ಇರಲಿಲ್ಲ.

ಲಿಸ್ಬನ್ನಿನ ಬಂದರು ಕಚೇರಿಯಲ್ಲಿ ವಿಚಾರಿಸಿದೆ. ಯಾರಿಗೂ ಗೊತ್ತಿಲ್ಲ. ಭಾನುವಾರ ದಫ್ತರಖಾನೆಗೆ ರಜೆಯಾದ್ದರಿಂದ ಟ್ರಾಮು ಹತ್ತಿ ಊರು ನೋಡಲು ಹೊರಟೆ. ಕೋಟೆ, ನದಿ, ಎರಡು ಇಗರ್ಜಿಗಳು... ಐದೂವರೆಗೇ ಕತ್ತಲಾಯಿತು. ಕೋಟೆಯ ಕೆಳಗಿನ ಓಣಿಗಳಲ್ಲಿ ದಾರಿ ತಪ್ಪಿದೆ. ಗೋಡೆಗಳಿಗೆಲ್ಲ ನೀಲಿ ಚಿತ್ತಾರದ ಸುಟ್ಟ ಮಣ್ಣಿನ ಬಿಲ್ಲೆಗಳು. ಅದುವರೆಗೆ ಬರುತ್ತಿದ್ದ ಹುರಿದ ಮೀನಿನ ವಾಸನೆ ನಿಂತು, ಹಸಿ ಜೇಡಿಮಣ್ಣು, ಭಟ್ಟಿಯ ಹೊಗೆ ಮೂಗಿಗೆ ಬಡಿಯಿತು...

ಟಣ್. ಟಣ್. ಆಮೇಲೆ ಉಗುರು ಗೀರಿದ ಸದ್ದು.

ಓಣಿಯ ಕೊನೆಯಲ್ಲಿ ಒಬ್ಬ ನನಗೆ ಬೆನ್ನು ಮಾಡಿ, ಗೋಡೆಗೆ ಕಿವಿ ಹಚ್ಚಿ ನಿಂತಿದ್ದ.

ಹತ್ತಿರ ಹೋಗಿ ಕರೆದೆ. "ದಸ್ತಗೀರ... ಜೈನಬೀ ಹಾದಿ ಕಾಯಾಕತ್ತಾಳ."

ಅವನು ತಿರುಗಲಿಲ್ಲ. "ಇದರೊಳಗ ಸೀಳು ಐತ್ರಿ," ಎಂದ, ಬಿಲ್ಲೆಗೇ ಹೇಳುವಂತೆ. ಪಕ್ಕದ್ದನ್ನು ಬಡಿದ. ಆಲಿಸಿದ. "ಅಕಿಗೆ ಇದ್ದತ್ ಕುಂದರು ಅನ್ರಿ."

ಮಂಜು ಹಿಡಿದ ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅವನಿರಲಿಲ್ಲ. ಓಣಿ ಅಲ್ಲಿಗೇ ಮುಗಿದಿತ್ತು; ಬಾಗಿಲಿಲ್ಲ, ಕಿಟಕಿಯಿಲ್ಲ. ಗೋಡೆ ಮುಟ್ಟಿದೆ. ಚಳಿಗೆ ಕೈ ಕೊರೆಯಿತು. ಅವನು ಸೀಳು ಇದೆ ಎಂದ ಬಿಲ್ಲೆಯೊಂದೇ, ಈಗಷ್ಟೇ ಭಟ್ಟಿಯಿಂದ ತೆಗೆದಂತೆ, ಬಿಸಿಯಾಗಿತ್ತು.

೧೯೮೦ರ ಜನವರಿ ೧೧, ಶುಕ್ರವಾರ ಖಾನಾಪುರಕ್ಕೆ ಹೋದೆ. ಬೇರೆ ಯಾವ ಸಂಗತಿಗಾದರೂ ಎರಡನೆಯ ಆಧಾರ ಬೇಡುತ್ತಿದ್ದೆ, ಅಂದು ಬೇಡಲಿಲ್ಲ; ಕಂಡದ್ದನ್ನೂ ಅವನಾಡಿದ ಮಾತನ್ನೂ ಹೇಳಿದೆ. ಅವನ ಮುಖ ಕಂಡಿರೇನು ಎಂದು ಜೈನಬೀ ಕೇಳಲಿಲ್ಲ. ಏನು ಮಾಡುತ್ತಿದ್ದ ಎಂದಷ್ಟೇ ಕೇಳಿದಳು. ಬಡಿದು ತೋರಿಸಿದೆ. ಅವಳು ಒಂದೊಂದಾಗಿ ಬಳೆ ತೆಗೆದಿಟ್ಟು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೊರಗೆ ಬಂದು ಗಡಿಯಾರ ನೋಡಿದೆ: ಹನ್ನೊಂದು ಗಂಟೆ. ದಿನಚರಿಯಲ್ಲಿದೆ.

ಎರಡನೆಯ ಆಧಾರ ೧೯೮೪ರಲ್ಲಿ ಬಂತು. ನನ್ನ ಹಲವು ಪತ್ರಗಳಿಗೆ ಉತ್ತರವಾಗಿ, ಲಿಸ್ಬನ್ನಿನಿಂದ ರೈಲಿನಲ್ಲಿ ನಾಲ್ಕು ತಾಸು ದೂರದ ಬಂದರೂರಿನ ಆಸ್ಪತ್ರೆಯೊಂದರ ದಾಖಲೆಯ ನಕಲು. ಹೆಸರು ದಸ್ತಗೀರ. ಹುಟ್ಟೂರು ಖಾನಾಪುರ. ಪಾರ್ಶ್ವವಾಯು, ೧೯೭೭ರಿಂದ ಮಾತಿಲ್ಲ, ಹಾಸಿಗೆ ಬಿಟ್ಟು ಎದ್ದಿಲ್ಲ.

ಅಂದರೆ ನಾನು ಕಂಡ ಸಂಜೆ ಅವನು ಬದುಕಿದ್ದ.

ಆ ಕಾಗದವನ್ನು ಜೈನಬೀಗೆ ಈವರೆಗೂ ತೋರಿಸಿಲ್ಲ. ಅದರ ಕೊನೆಯ ಸಾಲನ್ನು ಮೂರು ಜನರಿಂದ ಓದಿಸಿದ್ದೇನೆ, ಎರಡು ದೇಶಗಳ ವೇಳೆಯ ಅಂತರವನ್ನೂ ಲೆಕ್ಕ ಹಾಕಿದ್ದೇನೆ. ಮರಣ: ೧೯೮೦ರ ಜನವರಿ ೧೧, ಬೆಳಿಗ್ಗೆ ಆರು. ನಮ್ಮಲ್ಲಿ ಆಗ ಹನ್ನೊಂದೂವರೆ.