ಬಿದ್ದರೆ ಎಲ್ಲಿ ಬೀಳುತ್ತದೆ?

ಬನಿಯನ್ನಿನ ಎದೆಯ ಮೇಲೆ ಅಡ್ಡಕ್ಕೆ ಬೆರಳಗಲದ ಒಂದು ಕೆಂಪು ಗೆರೆ. ಕುಂಕುಮ ಮತ್ತು ಕೊಬ್ಬರಿ ಎಣ್ಣೆ ಕೂಡಿ ಬಿದ್ದ ಕಲೆ. ಸೋಪು ಹಚ್ಚಿದೆ, ಒಗೆಯುವ ಕಲ್ಲಿಗೆ ಹಾಕಿ ತಿಕ್ಕಿದೆ, ಅರ್ಧ ಲಿಂಬೆಹಣ್ಣನ್ನೂ ದಂಡ ಮಾಡಿದೆ. ಕಲೆ ಸ್ವಲ್ಪ ಮಂಕಾಯಿತೇ ಹೊರತು ಹೋಗಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಎಣ್ಣೆಯ ವಾಸನೆ. ಈ ವಾಸನೆಗೂ ಈ ಬಣ್ಣಕ್ಕೂ ನಾನು ಹುಡುಗಿಯಾಗಿದ್ದಾಗಿನಿಂದ ಹೆದರುತ್ತ ಬಂದವಳು. ಒಂದು ಬನಿಯನ್ನಿಗೆ ಇಷ್ಟು ಹೆದರುವುದೇನು ಎಂದು ನಿಮಗೆ ಅನ್ನಿಸಬಹುದು. ಕೂಡ್ರಿ, ಹೇಳುತ್ತೇನೆ. ಹೇಗೂ ಇನ್ನೊಂದು ಬಕೆಟ್ ತುಂಬಬೇಕು, ನಮ್ಮ ನಳಕ್ಕೆ ಅವಸರವಿಲ್ಲ.

ನಾನು ಪುಕ್ಕಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನಾ ಸಂಜೆ ದೀಪ ಹಚ್ಚಿ ದೇವರ ಉಪಕಾರಗಳನ್ನು ನೆನೆಯುತ್ತೇನೆ. ಹಾಲು ಒಡೆಯಲಿಲ್ಲ, ಗ್ಯಾಸು ನಡುವೆಯೇ ತೀರಲಿಲ್ಲ, ನಮ್ಮ ಮನೆಯವರು ಕಾರ್ಖಾನೆಯಿಂದ ಹೋದ ಹಾಗೆಯೇ ಬಂದರು. ಹೀಗೆ ಸಣ್ಣ ಸಣ್ಣವು. ದೊಡ್ಡದನ್ನು ಕೇಳಲು ನನಗೆ ಧೈರ್ಯವಿಲ್ಲ. ನನ್ನನ್ನು ನೋಡಿ ಜನ ಬಹಳ ಭಕ್ತಿಯ ಹೆಣ್ಣುಮಗಳು ಅನ್ನುತ್ತಾರೆ. ಅದರಲ್ಲಿ ಭಕ್ತಿ ಎಷ್ಟು, ಹೆದರಿಕೆ ಎಷ್ಟು ಎಂದು ಸೋಸಿ ನೋಡುವ ಜರಡಿ ನನ್ನ ಹತ್ತಿರ ಇಲ್ಲ.

ನಮ್ಮ ಮನೆ ಇರುವುದು ಉಗಾರ ಖುರ್ದದಲ್ಲಿ. ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಇಷ್ಟು ವರ್ಷ ಊರಿಗೆಲ್ಲ ಸಕ್ಕರೆ ಮಾಡಿಕೊಟ್ಟು, ಹೋದ ವರ್ಷ ಮೈಯಲ್ಲೂ ಮಾಡಿಕೊಂಡರು. ಚಿಕ್ಕೋಡಿಯ ಡಾಕ್ಟರು ಅವರ ತೊಡೆ, ತೋಳು ಹಿಚುಕಿ ನೋಡಿ, "ಬರೇ ನಡದರ ಸಾಲಂಗಿಲ್ರಿ. ಮಾಂಸಖಂಡ ಕರಗಾಕತ್ತಾವ. ಭಾರ ಎತ್ತಬೇಕು" ಎಂದರು. ನಮ್ಮವರ ಮುಖ ಹಬ್ಬದ ದಿನದಂತೆ ಅರಳಿತು. ಹುಡುಗರಾಗಿದ್ದಾಗ ತಾಲೀಮಿನ ಕುಸ್ತಿ ಮಣ್ಣಿನಲ್ಲಿ ಹೊರಳಿದವರು ಅವರು. ನನಗೆ ಮಾತ್ರ ಡಾಕ್ಟರ ಕುರ್ಚಿಯೇ ತಿರುಗಿದಂತಾಯಿತು.

ಮರುದಿನವೇ ಊರಿನ ಜಿಮ್ಮಿಗೆ ಹೋದರು. ಹೋದಷ್ಟೇ ಬೇಗ ತಿರುಗಿ ಬಂದರು. ಅಲ್ಲಿದ್ದವರು, "ಕಾಕಾ, ಮೊದಲ ಕುಂತು ದಮ್ಮ ಹಾರಿಸ್ಕೋರಿ" ಎಂದು ಸ್ಟೂಲು ಕೊಟ್ಟರಂತೆ. ಮೆಟ್ಟಿಲು ಹತ್ತಿದ್ದಕ್ಕೇ ಸಿಕ್ಕ ಮರ್ಯಾದೆ.

"ಮನ್ಯಾಗ ಮಾಡ್ತೀನಿ. ಮುಂದಿನ ಖೋಲಿ ಖಾಲಿ ಐತಿ. ನಿಪ್ಪಾಣಿಯೊಳಗ ಎಲ್ಲಾ ಸಾಮಾನ ಸಿಗತೈತಿ" ಎಂದರು.

"ಭಾರ ಎತ್ತೂದು ಬ್ಯಾಡ್ರಿ. ಯೋಗ ಮಾಡ್ರಿ" ಎಂದೆ.

"ಡಾಕ್ಟರ್ ಏನಂದಾರ ಕೇಳಿಲ್ಲೇನ್ ನೀ?"

ಕೇಳಿದ್ದೆ. ಆದರೆ ನನ್ನ ಕಿವಿಯಲ್ಲಿ ಬೇರೆ ಒಂದು ಸಪ್ಪಳವೂ ಇತ್ತು.

ನನ್ನ ತವರು ದಿಗ್ಗೇವಾಡಿ. ಅಲ್ಲಿ ಮಾರುತಿ ಗುಡಿಯ ಮುಂದೆ ಒಂದು ಗುಂಡುಕಲ್ಲು ಇತ್ತು. ನಮ್ಮ ಕಡೆ ಕಸುವಿನ ಗಂಡಸರು ಕಾರಹುಣ್ಣಿಮೆಗೆ ಅಂಥ ಕಲ್ಲನ್ನು ಎತ್ತುತ್ತಾರೆ. ಮೊದಲು ಮೊಣಕಾಲಿಗೆ, ಆಮೇಲೆ ಎದೆಗೆ, ಆಮೇಲೆ ಹೆಗಲಿಗೆ ಏರಿಸಿ ಹಿಂದಕ್ಕೆ ಒಗೆಯುವುದು. ನನ್ನ ಕಾಕಾ, ಅಪ್ಪನ ತಮ್ಮ, ಅದನ್ನು ಪ್ರತಿ ವರ್ಷ ಎತ್ತುತ್ತಿದ್ದರು. ಜೋಳದ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿದವರು. ಒಂದು ಹೆಗಲ ಮೇಲೆ ನನ್ನನ್ನು, ಇನ್ನೊಂದರ ಮೇಲೆ ಎಳೆಗರುವನ್ನು ಕೂಡಿಸಿಕೊಂಡು ಹೊಳೆಗೆ ಹೋಗುತ್ತಿದ್ದರು. ಕರು ನನ್ನ ಜಡೆ ನೆಕ್ಕುತ್ತಿತ್ತು.

ಆ ವರ್ಷ ಕಾರಹುಣ್ಣಿಮೆ ಶನಿವಾರ ಬಂತು. ಶನಿವಾರ ಮಾರುತಿಗೆ ಎಣ್ಣೆ ಏರಿಸುವ ದಿನ. ನಮ್ಮ ಆಯಿ, ಅಂದರೆ ಕಾಕಾನನ್ನು ಹೆತ್ತವಳು, ಮುಂಜಾನೆಯೇ ಮಡಿಯುಟ್ಟು ಮಾರುತಿಗೆ ಎಣ್ಣೆ ಎರೆದು, ಮಗನಿಗೆ ಒಳ್ಳೆಯದಾಗಲಿ ಎಂದು ಕಲ್ಲಿಗೂ ಎರೆದು, ಕುಂಕುಮ ಏರಿಸಿ ಬಂದಿದ್ದಳು. ನಾನು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋಗಿ ನಿಂತಿದ್ದೆ. ಕಲ್ಲು ಕಾಕಾನ ಎದೆಗೆ ಬಂತು. ಹೆಗಲಿಗೆ ಏರಿತು. ಜನ "ಹೋ" ಎಂದರು. ಆ ಹೋ ಮುಗಿಯುವುದರೊಳಗೆ ಕಲ್ಲು ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಇಳಿಯಿತು. ಕಾಕಾನನ್ನೂ ಕೂಡಿಸಿಕೊಂಡೇ ಇಳಿಯಿತು.

ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ, ಸೊಂಟವೂ ಮೊದಲಿನಂತಾಗಲಿಲ್ಲ. ನನಗೆ ಕಣ್ಣಿಗೆ ಕಟ್ಟಿದಂತಿರುವುದು ಅವರ ಬಿಳಿ ಬನಿಯನ್ನು. ಹೆಗಲಿನಿಂದ ಎದೆಯವರೆಗೆ ಎಣ್ಣೆಯಿಂದ ಹೊಳೆಯುವ ಒಂದು ಕೆಂಪು ಪಟ್ಟೆ. ರಕ್ತವೆಂದು ಚೀರಿದೆ. ಅವ್ವ, "ರಕ್ತ ಅಲ್ಲ ಅದು, ದೇವರ ಕುಂಕುಮ" ಎಂದು ನನ್ನ ಬಾಯಿ ಮುಚ್ಚಿದಳು. ದೇವರ ಕುಂಕುಮ ಎಂದದ್ದೇ ಕೆಟ್ಟದ್ದಾಯಿತು. ರಕ್ತವೆಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

ಊರಿನ ಹಿರಿಯರು ಕೂಡಿ ಕಾರಣ ಹುಡುಕಿದರು. ಮಾರುತಿ ಬ್ರಹ್ಮಚಾರಿ, ಕಲ್ಲಿನ ಮೇಲೆ ಹೆಣ್ಣುಮಕ್ಕಳ ನೆರಳು ಬಿತ್ತು, ಆತ ಸೈರಿಸಲಿಲ್ಲ ಎಂದು ತೀರ್ಮಾನವಾಯಿತು. ಕಾಕಾ ಅದನ್ನೇ ನಂಬಿದರು. ಮಾರುತಿ ತನ್ನ ಕೈ ಬಿಟ್ಟನೆಂದು ಅವರು ಆಮೇಲೆ ಗುಡಿಯ ಕಡೆ ಹೋಗಲೇ ಇಲ್ಲ. ದನದ ಕೊಟ್ಟಿಗೆಯ ಮುಂದೆ ಕುಳಿತು, ಎಡಗೈ ಮತ್ತು ಕಾಲ್ಬೆರಳುಗಳಿಂದ ಹಗ್ಗ ಹೊಸೆಯುತ್ತಿದ್ದರು. ಒಮ್ಮೆ ನಾನು ಹತ್ತಿರ ಕುಳಿತಾಗ, "ಎತ್ತೂದನ್ನ ಹತ್ತು ಮಂದಿ ಕಲಸ್ತಾರ ಮಗಳ, ಇಳಸೂದನ್ನ ಯಾರೂ ಕಲಸಂಗಿಲ್ಲ" ಎಂದಿದ್ದರು. ನನ್ನ ಮದುವೆಯಾದ ಮರುವರ್ಷ ತೀರಿಕೊಂಡರು.

ಮುಂದೆ ನಿಂತಿದ್ದ ನೆರಳುಗಳಲ್ಲಿ ನನ್ನದೂ ಒಂದಿತ್ತಲ್ಲ. ಅಂದಿನಿಂದ ಯಾರಾದರೂ ಭಾರ ಎತ್ತುವಾಗ ನಾನು ಎದುರಿಗೆ ನಿಲ್ಲುವುದಿಲ್ಲ. ಗ್ಯಾಸಿನವನು ಸಿಲಿಂಡರು ಎತ್ತಿದರೂ ಒಳಗೆ ಹೋಗಿಬಿಡುತ್ತೇನೆ. ಅವನು ನನ್ನನ್ನು ಬಹಳ ನಾಚಿಕೆಯ ಹೆಂಗಸು ಎಂದುಕೊಂಡಿದ್ದಾನೆ.

ಇಂಥವಳು ನಿಪ್ಪಾಣಿಗೆ ಜಿಮ್ಮಿನ ಸಾಮಾನು ಆರಿಸಲು ಹೋದೆ. ತಡೆಯಲು ಆಗದಿದ್ದರೆ ಜೊತೆಗಾದರೂ ಹೋಗಬೇಕು, ಅದು ಸಂಸಾರದ ನಿಯಮ. ದಾರಿಯಲ್ಲಿ ಒಂದು ತೆಂಗಿನಕಾಯಿ ತೆಗೆದುಕೊಂಡೆ, ಬರುವಾಗ ಗುಡಿಗೆ ಹೋಗೋಣವೆಂದು.

ಅಂಗಡಿಯವನು ಮಾತಿನ ಮಲ್ಲ. "ಬರ್ರಿ ವೈನಿ, ಬರ್ರಿ ದಾದಾ" ಎಂದು ಸ್ವಂತ ಅತ್ತಿಗೆ, ಅಣ್ಣನನ್ನು ಕರೆದಂತೆ ಕರೆದು, ಆಳೆತ್ತರದ ಒಂದು ಯಂತ್ರದ ಮುಂದೆ ನಿಲ್ಲಿಸಿದ. ತಂತಿಗೆ ಕಬ್ಬಿಣದ ಇಟ್ಟಿಗೆಗಳು ಜೋತುಬಿದ್ದಿದ್ದವು.

"ಇದು ಬಿದ್ದರ ಎಲ್ಲಿ ಬೀಳತೈತ್ರಿ?" ಎಂದು ಕೇಳಿದೆ.

"ಬೀಳಂಗಿಲ್ರಿ ವೈನಿ. ಗ್ಯಾರಂಟಿ ಐತಿ."

"ಬೀಳಂಗಿಲ್ಲ ಅನ್ನೂದು ಯಾವುದೂ ಇಲ್ರಿ. ಬಿದ್ದರ ಎಲ್ಲಿ ಬೀಳತೈತಿ, ಅಷ್ಟ ಹೇಳ್ರಿ."

ನಮ್ಮವರು ನನ್ನ ಸೆರಗು ಜಗ್ಗಿ, "ಮಂದಿ ಅಂಗಡ್ಯಾಗ ಅಪಶಕುನ ಮಾತಾಡಬ್ಯಾಡ" ಎಂದರು.

ನಾನು ಬಿಡಲಿಲ್ಲ. ಕೈಯಲ್ಲಿ ಹಿಡಿಯುವ ಡಂಬೆಲ್ಲುಗಳಲ್ಲಿ ದುಂಡಗಿನವೂ ಇದ್ದವು, ಆರು ಮೂಲೆಯವೂ ಇದ್ದವು. ದುಂಡಗಿನದೊಂದನ್ನು ನೆಲದ ಮೇಲೆ ಇಟ್ಟು ಕಾಲಿನಿಂದ ಮೆಲ್ಲಗೆ ನೂಕಿದೆ. ಅದು ಸೀದಾ ಉರುಳಿ ಅಂಗಡಿಯವನ ಹೆಬ್ಬೆರಳಿಗೆ ಹೋಗಿ ಮುಟ್ಟಿತು. ಅವನು ಕಾಲು ಎತ್ತಿ "ಆಯಿಗ್ಗಾ" ಎಂದ. ಆರು ಮೂಲೆಯದನ್ನು ನೂಕಿದರೆ ಒಮ್ಮೆ ಮಗ್ಗುಲಾಗಿ ಸುಮ್ಮನೆ ಮಲಗಿತು. "ಇವ ಇರ್ಲಿ" ಎಂದೆ. ರಬ್ಬರಿನ ಪಟ್ಟಿಗಳನ್ನು ನೋಡಿ ನನಗೆ ಬಹಳ ಸಮಾಧಾನವಾಯಿತು, ಬಿದ್ದರೂ ಸಪ್ಪಳವಾಗದವು. ಎಲ್ಲವೂ ಅವೇ ಇರಲಿ ಎಂದರೆ ನಮ್ಮವರು, "ಲಂಗದ ಲಾಡಿ ಎಳಕೋತ ಕುಂದ್ರಲೇನು?" ಎಂದು ಸಿಟ್ಟಾದರು. ಅವರ ಮನಸ್ಸೆಲ್ಲ ಉದ್ದನೆಯ ರಾಡಿನ ಮೇಲೆ, ಅದಕ್ಕೆ ಏರಿಸುವ ಪ್ಲೇಟುಗಳ ಮೇಲೆ. ಬೆಂಚಿನ ಮೇಲೆ ಅಂಗಾತ ಮಲಗಿ, ರಾಡನ್ನು ಎದೆಗಿಳಿಸಿ ಮೇಲೆತ್ತುವುದಂತೆ. ಎದೆ ಎಂಬ ಮಾತು ಕೇಳಿಯೇ ನಾನು ಚೀಲದೊಳಗಿನ ತೆಂಗಿನಕಾಯಿಯನ್ನು ಹಿಡಿದುಕೊಂಡೆ.

ಅಂಥದಕ್ಕೆ ಎರಡು ತರಹದ ಸ್ಟ್ಯಾಂಡು ಇದ್ದವು. ಒಂದು ಹಗುರ, ಚೆಂದ, ರಾಡು ಇಡಲು ಎರಡು ಕೊಕ್ಕೆ ಅಷ್ಟೇ. ಇನ್ನೊಂದು ಒಡ್ಡೊಡ್ಡಾದದ್ದು, ಅರ್ಧ ಕೋಣೆ ನುಂಗುವಂಥದ್ದು. ಅದಕ್ಕೆ ಕೊಕ್ಕೆಗಳಲ್ಲದೆ ಎರಡೂ ಮಗ್ಗುಲಲ್ಲಿ ತೊಲೆಯಂತೆ ದಪ್ಪ ಕಂಬಿಗಳು ಚಾಚಿಕೊಂಡಿದ್ದವು. ಕೈ ತಪ್ಪಿದರೆ ರಾಡು ಈ ಕಂಬಿಗಳ ಮೇಲೆ ನಿಲ್ಲುತ್ತದೆ, ಮೈಮೇಲೆ ಬರುವುದಿಲ್ಲ ಎಂದ ಅಂಗಡಿಯವನು.

"ತೋರಸ್ರಿ" ಎಂದೆ. ಚೀಲದಿಂದ ತೆಂಗಿನಕಾಯಿ ತೆಗೆದು ಬೆಂಚಿನ ಮೇಲೆ, ಎದೆ ಇರುವ ಜಾಗದಲ್ಲಿ ಇಟ್ಟೆ. ಕಂಬಿಗಳನ್ನು ಕಾಯಿಗಿಂತ ಬೆರಳಷ್ಟು ಮೇಲೆ ಬರುವಂತೆ ಹಚ್ಚಿಸಿದೆ. "ಇನ್ನ ರಾಡ್ ಬಿಡ್ರಿ."

"ವೈನಿ, ಇದೇನು ಅಂಗಡಿನೋ, ಗುಡಿನೋ?" ಎಂದು ನಗುತ್ತಲೇ ಅವನೂ ಅವನ ಆಳೂ ಹಿಡಿದು ರಾಡನ್ನು ಕೈಬಿಟ್ಟರು. ಅಂಗಡಿ ಅದುರಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದು ನೋಡಿದರೆ ಕಾಯಿ ಜುಟ್ಟು ಸಮೇತ ನೆಟ್ಟಗೆ ಕುಳಿತಿತ್ತು. ಆ ಒಡ್ಡ ಸ್ಟ್ಯಾಂಡೇ ನಮ್ಮ ಮನೆಗೆ ಬಂತು. ನಮ್ಮವರು ಸಿಟ್ಟಿನಲ್ಲಿ ಗುಡಿಯ ಮುಂದೆ ನಿಲ್ಲದೆ ಸೀದಾ ಮನೆಗೆ ನಡೆದರು, ಕಾಯಿಯೂ ಚೀಲದಲ್ಲೇ ಮನೆಗೆ ಬಂತು.

ಸಾಮಾನು ಬಂದ ಮೇಲೆ ಕೋಣೆಯಲ್ಲಿ ಹೊಸ ರಬ್ಬರಿನ ವಾಸನೆ ತುಂಬಿತು. ಅವರು ಒಳಗೆ ಎತ್ತುವಾಗ ನಾನು ಹೊಸ್ತಿಲಿನ ಆಚೆ ಗೋಡೆಗೆ ಮುಖ ಮಾಡಿ ಮಾರುತಿಯ ಹೆಸರು ಹೇಳುತ್ತ ನಿಲ್ಲುತ್ತಿದ್ದೆ. ಪ್ರತಿ ಸಲ ರಾಡು ಕೊಕ್ಕೆಗೆ ಕೂತ ಸಪ್ಪಳ ಬಂದಾಗ ಒಂದು ಉಪಕಾರ ಕೂಡಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಖಂಡೇಪೂಜೆ ಬಂತು. ಅವತ್ತು ನಮ್ಮಲ್ಲಿ ದುಡಿಯುವ ಸಾಮಾನುಗಳಿಗೆಲ್ಲ ಪೂಜೆ, ಯಾವುದನ್ನೂ ಬಳಸುವಂತಿಲ್ಲ. ನಮ್ಮ ಅತ್ತೆ ಇಳಿಗೆಮಣೆ, ಮಿಕ್ಸರು, ಮೋಟಾರ್ ಸೈಕಲ್ಲು ಮುಗಿಸಿ ಜಿಮ್ಮಿನ ಕೋಣೆಗೆ ನಡೆದರು. ನಿಪ್ಪಾಣಿಯಲ್ಲಿ ಬದುಕಿ ಬಂದಿದ್ದ ತೆಂಗಿನಕಾಯಿಯನ್ನು ಪ್ಲೇಟಿಗೇ ಹೊಡೆದು ಎರಡು ಹೋಳು ಮಾಡಿದರು. ರಾಡಿನ ತುದಿಯಿಂದ ತುದಿಗೆ ಕೊಬ್ಬರಿ ಎಣ್ಣೆ ಸವರಿ, ಉದ್ದಕ್ಕೂ ಕುಂಕುಮ ಹಚ್ಚಿದರು. "ಕಬ್ಬಿಣಕ್ಕ ಎಣ್ಣಿ ತೋರಿಸಿದ್ರ ಜಂಗ್ ಹಿಡಿಯಂಗಿಲ್ಲ. ನನ್ನ ಮಗಗೂ ಕಾವಲ ಆಗತೈತಿ" ಎಂದರು. ಆ ವಾಸನೆಗೆ ಹೆದರಿ ಹೊಸ್ತಿಲಿನಿಂದಲೇ ನಾನೂ ಕೈ ಮುಗಿದೆ.

ಮರುದಿನ ದಸರೆಯ ಮುಂಜಾನೆ ನಮ್ಮವರು ಹುರುಪಿನಿಂದ ಬೆಂಚಿನ ಮೇಲೆ ಮಲಗಿದರು. ಅತ್ತೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ನನ್ನ ಗೋಡೆಗೆ ನಿಂತಿದ್ದೆ. ಠಣಾರ್ ಎಂದು ಮನೆ ನಡುಗಿತು. ಅದು ಕೊಕ್ಕೆಯ ಸಪ್ಪಳ ಅಲ್ಲ.

ಬಾಯಿಯಲ್ಲಿ ಮಾರುತಿಯ ಹೆಸರೂ ಬರಲಿಲ್ಲ. ಗೋಡೆಯ ಸುಣ್ಣವನ್ನಷ್ಟೇ ನೋಡುತ್ತಿದ್ದೆ. ನಾನು ಹೊರಗೇ ಇದ್ದೆನಲ್ಲ, ನೆರಳು ಬಿದ್ದಿರಲಿಲ್ಲವಲ್ಲ ಎಂದು ಆ ಗಳಿಗೆಯಲ್ಲೂ ಮನಸ್ಸು ಲೆಕ್ಕ ಹಾಕುತ್ತಿತ್ತು.

"ಏ, ಯಾರರೆ ಬರ್ರಿ! ಸಿಕ್ಕೊಂಡೀನಿ!"

ದನಿ ಕೇಳಿ ಓಡಿದೆ. ರಾಡು ಎರಡೂ ಕಂಬಿಗಳ ಮೇಲೆ ಗಟ್ಟಿಯಾಗಿ ಕುಳಿತಿತ್ತು. ಅದರ ಕೆಳಗೆ, ಬನಿಯನ್ನಿಗೆ ತಾಕಿಯೂ ತಾಕದಂತೆ ಇವರು.

"ನಿನ್ನ ತೆಂಗಿನಕಾಯಿ ಆಗೇನಿ ನೋಡು" ಎಂದರು.

ನಾನೂ ಅತ್ತೆಯೂ ಒಂದೊಂದು ತುದಿ ಹಿಡಿದು ರಾಡನ್ನು ಕಾಲಿನ ಕಡೆ ಸರಿಸಿದೆವು. ಇವರು ಎದ್ದು ಕುಳಿತು, "ಗಚ್ಚಿ ಹಿಡದಿದ್ದೆ, ಸರ್ರ್ ಅಂತ ಜಾರಿತು" ಎಂದು ಅಂಗೈ ಬಿಚ್ಚಿದರು. ಎರಡೂ ಅಂಗೈ ಎಣ್ಣೆಯಿಂದ ಹೊಳೆಯುತ್ತಿದ್ದವು, ಕೆಂಪಗೆ. ಬನಿಯನ್ನಿನ ಮೇಲೆ ಅದೇ ಕೆಂಪಿನ ಗೆರೆ.

ನಾನು ಆ ಗೆರೆಯನ್ನು ನೋಡುತ್ತ ನೆಲದ ಮೇಲೆ ಕುಳಿತುಬಿಟ್ಟೆ. ದಿಗ್ಗೇವಾಡಿಯ ಗುಡಿ, ಆಯಿಯ ಎಣ್ಣೆಯ ಗಿಂಡಿ, ಕಾಕಾನ ಹೆಗಲಿನಿಂದ ಎದೆಗೆ ಇಳಿದ ಪಟ್ಟೆ. ಕಲ್ಲು ಜಾರಿ ಬಂದ ದಾರಿ ಅದು. ಬಟ್ಟೆಯ ಮೇಲೆ ಬರೆದಿಟ್ಟಂತೆ ಇತ್ತು, ಊರಿಗೆ ಊರೇ ನೋಡಿತ್ತು, ಯಾರಿಗೂ ತಿಳಿಯಲಿಲ್ಲ. ನೆರಳಲ್ಲ. ಮಾರುತಿಯ ಸಿಟ್ಟಲ್ಲ. ಎಣ್ಣೆ.

ಅತ್ತೆಯ ಮುಖ ಬಿಳಿಚಿತ್ತು. "ನನ್ನ ಎಣ್ಣಿನ ಏನ?" ಎಂದರು ಸಣ್ಣ ದನಿಯಲ್ಲಿ.

"ಹೌದ್ರಿ ಅತ್ತಿ" ಎಂದೆ. "ಇನ್ನ ಮ್ಯಾಲೆ ಎಣ್ಣಿ ಬ್ಯಾಡ. ಒಣಾ ಅಂಗಾರ ಹಚ್ಚೂಣು, ದೇವರ ಬೂದಿ."

ಅತ್ತೆಗೆ ಹೇಳಲು ಅಡ್ಡಿಯಿರಲಿಲ್ಲ, ಏಕೆಂದರೆ ಅವರ ಮಗ ಎದುರಿಗೇ ಕುಳಿತು ಚಹಾ ಕೇಳುತ್ತಿದ್ದರು. ಆಯಿ ಈಗ ಇಲ್ಲ. ಇದ್ದಿದ್ದರೆ ಅವಳಿಗೆ ಹೇಳುತ್ತಿರಲಿಲ್ಲ. ಹೇಳಬೇಕಾಗಿದ್ದುದು ಕಾಕಾನಿಗೆ, ಒಂದೇ ಒಂದು ಮಾತು, ಮಾರುತಿ ನಿನ್ನ ಕೈ ಬಿಡಲಿಲ್ಲ ಕಾಕಾ ಎಂದು. ಅದಕ್ಕೆ ತಡವಾಯಿತು. ಆದರೆ ಮಾರುತಿಯ ಮುಂದೆ ಅವತ್ತು ಸಂಜೆ ದೀಪ ಹಚ್ಚಿದಾಗ ಮೊದಲ ಸಲ ಆತನ ಮುಖವನ್ನು ಕಣ್ಣೆತ್ತಿ ನೋಡಿದೆ. ಇಷ್ಟು ವರ್ಷ ಆತನ ತಲೆಯ ಮೇಲೆ ಆ ಕಲ್ಲನ್ನು ಹೊರಿಸಿದ್ದೆವಲ್ಲ, ಆತ ಸುಮ್ಮನೆ ಹೊತ್ತುಕೊಂಡು ನಿಂತಿದ್ದ.

ಬಕೆಟ್ ತುಂಬಿತು. ಕಲೆ ಇರಲಿ ಎಂದು ಬನಿಯನ್ನನ್ನು ಹಿಂಡಿ ಹಗ್ಗಕ್ಕೆ ಹಾಕಿದೆ. ಕೋಣೆಯಿಂದ ಪ್ಲೇಟು ಏರಿಸುವ ಸಪ್ಪಳ ಬಂತು, ನನ್ನ ಎದೆ ಎಂದಿನಂತೆ ಹಾರಿತು. ಹೆದರಿಕೆ ಹೋಗಿಲ್ಲ ನೋಡಿ, ಅದು ಹೋಗುವಂಥದ್ದಲ್ಲ. ಅದಿಲ್ಲದಿದ್ದರೆ ಆ ಚೆಂದದ ಸ್ಟ್ಯಾಂಡೇ ಮನೆಗೆ ಬರುತ್ತಿತ್ತು. ದೇವರ ಜಗುಲಿಯಿಂದ ಮಾರುತಿಯ ಅಂಗಾರದ ಬಟ್ಟಲು ತೆಗೆದುಕೊಂಡು, ನನ್ನ ಗೋಡೆಯನ್ನು ದಾಟಿ, ಹೊಸ್ತಿಲು ದಾಟಿ ಒಳಗೆ ಹೋದೆ. ಅವರ ಎರಡೂ ಅಂಗೈಗೆ ಒಣ ಬೂದಿ ತಿಕ್ಕಿದೆ. ಆಮೇಲೆ ಬೆಂಚಿನ ತಲೆಯ ಕಡೆ ನಿಂತು, ಎಣ್ಣೆ ಒರೆಸಿ ಇಟ್ಟಿದ್ದ ರಾಡಿನ ಕೆಳಗೆ ನನ್ನ ಎರಡೂ ಕೈ ಚಾಚಿದೆ.

"ಇದೇನು ಇವತ್ತ, ಒಳಗ ಬಂದಿ?" ಎಂದರು ಮಲಗಿದಲ್ಲಿಂದಲೇ.

"ನೀವು ಎತ್ರಿ" ಎಂದೆ. "ಇಳಸಾಕ ನಾ ಅದೀನಿ."