ಬಾಣಂತಿಯ ಪಾಲಿನ ನೀರು

ಹೆರಿಗೆಗೆ ನಾನು ಚೆನ್ನಾಗಿಯೇ ತಯಾರಾಗಿದ್ದೆ. ಕಲಬುರಗಿಯ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ನಡೆಸುತ್ತಿದ್ದ ತರಗತಿಗೆ ಹೋಗಿ, ನೋವು ಬಂದಾಗ ಉಸಿರು ಹೇಗೆ ಬಿಡಬೇಕು, ಹೇಗೆ ಕುಳಿತರೆ ಸೊಂಟ ಸಡಿಲಾಗುತ್ತದೆ ಎಂದು ಕಲಿತಿದ್ದೆ. ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಬಾವು ಬಂದ ಕಾಲುಗಳಲ್ಲೇ ದಿನವೂ ಸಂಜೆ ನಡೆದಿದ್ದೆ. ಸಹಜ ಹೆರಿಗೆಯೇ ಆಯಿತು, ನಾಲ್ಕು ಹೊಲಿಗೆ ಬಿದ್ದವು ಅಷ್ಟೇ. ಹೆಣ್ಣು ಕೂಸು. ಆಸ್ಪತ್ರೆಯಿಂದ ಕಳಿಸುವಾಗ ನರ್ಸ್ ಹೇಳಿದ್ದು ಇಷ್ಟೇ: "ಕೂಸಿಗಿ ಎದಿಹಾಲು ಬಿಟ್ಟು ಏನೂ ಬ್ಯಾಡ್ರಿ. ನೀವು ನೀರು ಭಾಳ ಕುಡೀರಿ, ಬಿಸಿಲದ." ಪಕ್ಕದಲ್ಲಿ ನಿಂತಿದ್ದ ಅವ್ವ ತಲೆಯಾಡಿಸಿದಳು.

ಕಮಲಾಪುರದ ತವರು ಮುಟ್ಟಿದ ದಿನವೇ ನನ್ನ ಕೋಣೆಯಿಂದ ನೀರಿನ ತಂಬಿಗೆ ಮಾಯವಾಯಿತು.

ಎತ್ತಿಕೊಂಡು ಹೋದವಳು ದೊಡ್ಡವ್ವ, ಅವ್ವನ ಅಕ್ಕ. ನನ್ನ ಬಾಣಂತನ ಮಾಡಲೆಂದೇ ಕಲಬುರಗಿಯ ಶಹಾಬಜಾರದ ತನ್ನ ಮನೆಗೆ ಕೀಲಿ ಹಾಕಿ ಬಂದಿದ್ದಳು.

"ಹಸಿ ಮೈ ಅದ. ನೀರು ಕುಡದ್ರ ಹೊಟ್ಟಿ ಬರ್ತದ, ಕೂಸಿಗಿ ಥಂಡಿ ಆಗ್ತದ," ಎಂದಳು.

"ಯಾರು ಹೇಳಿದ್ರು, ದೊಡ್ಡವ್ವ?"

"ಎಲ್ಲಾರೂ ಹೇಳ್ತಾರ. ನಿಮ್ಮ ಪೇಪರಿನಾಗ ಬಂದಿಲ್ಲಂದ್ರ ಖರೆ ಇರಲ್ಲೇನು?"

ಊಟದ ಜೊತೆ ಅರ್ಧ ಲೋಟ ಬಿಸಿನೀರು, ಅಷ್ಟೇ. ತಿನ್ನಲು ಒಣ ರೊಟ್ಟಿ, ಬೆಳ್ಳುಳ್ಳಿ ಖಾರ, ಅಂಟಿನ ಉಂಡೆ. ಹೊಟ್ಟೆಗೆ ಬಿಗಿದ ಹಳೆಯ ಸೀರೆ, ಮಂಚದ ಕೆಳಗೆ ಕೆಂಡ, ಹೊರಗೆ ಮೇ ತಿಂಗಳ ಬಿಸಿಲು. ಕೂಸನ್ನು ನೋಡಲು ಬಂದವರಿಗೆ ಅವ್ವ ತಣ್ಣೀರು, ನಮ್ಮ ತೋಟದ ಕೆಂಪು ಬಾಳೆಹಣ್ಣು ಕೊಡುತ್ತಿದ್ದಳು. ಅವರು ನನ್ನ ಮಂಚದ ಪಕ್ಕದಲ್ಲೇ ಕುಳಿತು ಹಣ್ಣು ಸುಲಿದು ತಿಂದು, ನೀರು ಗಟಗಟ ಕುಡಿದು, "ಬಾಣಂತಿ ಮುಖ ಇಳದದಲ್ರೀ" ಎನ್ನುತ್ತಿದ್ದರು.

ಕಿಟಕಿಯ ಸಂದಿಯಿಂದ ಕಾಂಪೌಂಡ್ ಗೋಡೆ ಕಾಣುತ್ತಿತ್ತು. ಅದರ ಮೇಲೆ ಅವ್ವ ಗುಬ್ಬಿಗಳಿಗೆಂದು ಮಣ್ಣಿನ ಬಟ್ಟಲಲ್ಲಿ ನೀರಿಟ್ಟಿದ್ದಳು. ಹಕ್ಕಿಗಳಿಗೆ ನೀರಿಡಿ ಎಂದು ಪ್ರತಿ ಬೇಸಿಗೆ ನಮ್ಮ ಪತ್ರಿಕೆಯಲ್ಲಿ ಬರುತ್ತದೆ. ಆ ವರ್ಷ ಆ ಬರಹವನ್ನು ತಿದ್ದಿ ಪುಟಕ್ಕೆ ಕಳಿಸಿದವಳು ನಾನು.

ಕಲಬುರಗಿಯಲ್ಲೇ ಉಳಿದಿದ್ದ ಗಂಡನಿಗೆ ಫೋನ್ ಮಾಡಿದೆ. "ನಾಕ ದಿನ ತಡಕೋ. ಹಿರೇರು ಹೇಳ್ತಾರಂದ್ರ ಏನರೆ ಇರ್ತದ," ಎಂದ.

"ನೀವೀಗ ಏನು ಕುಡ್ಯಾಕತ್ತೀರಿ?"

"ಮಜ್ಜಿಗಿ."

ಫೋನ್ ಇಟ್ಟೆ.

ಆಮೇಲೆ ಕೂಸು ಅಳಲು ಶುರುಮಾಡಿತು. ಎದೆಯನ್ನು ಜಗ್ಗಿ ಜಗ್ಗಿ ಸೋತು ಮತ್ತೆ ಅಳುತ್ತಿತ್ತು. ಬಟ್ಟೆ ಒದ್ದೆಯಾಗುವುದು ಕಡಿಮೆಯಾಯಿತು. ಒದ್ದೆಯಾದಾಗಲೂ ಇಟ್ಟಿಗೆ ಬಣ್ಣದ ಕಲೆ. ಆಸ್ಪತ್ರೆಗೆ ಫೋನ್ ಮಾಡಿದರೆ ಅದೇ ನರ್ಸ್ ಕೇಳಿದಳು: "ನೀವು ನೀರು ಕುಡ್ಯಾಕತ್ತೀರಿಲ್ರೀ? ಕುಡೀರಿ, ಕೂಸಿಗಿ ಮ್ಯಾಲಿಂದ ಮ್ಯಾಲ ಹಾಲು ಕುಡಸ್ರಿ. ನಾಳಿಗೂ ಹಿಂಗೇ ಇದ್ರ ಕೂಸಿಗಿ ಕರಕೊಂಡು ಬರ್ರಿ."

ದೊಡ್ಡವ್ವ ಅಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು. "ಇಕಿಗಿ ಹಾಲಿಲ್ಲ. ನೌಕರಿ ಮಾಡೋ ಹೆಂಗಸರದು ಹಿಂಗೇ. ಹಾಲಿನ ಪುಡಿ ಡಬ್ಬಿ ತರಸ್ರಿ."

ಅಪ್ಪ ಡಬ್ಬಿ ತಂದ. ಅವ್ವ ನೀರು ಕುದಿಸಿ, ಆರಿಸಿ, ಬಾಟಲಿಯ ಜೊತೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. ಆ ಕೋಣೆಗೆ ಮತ್ತೆ ತುಂಬಿದ ತಂಬಿಗೆ ಬಂದಿತ್ತು.

"ಅವ್ವ, ಈ ನೀರು ಯಾರಿಗಿ?"

"ಕೂಸಿಗಿ."

"ನಾ ಕುಡದ್ರ ಕೂಸಿಗಿ ಥಂಡಿ. ಕೂಸೇ ಕುಡದ್ರ ಥಂಡಿ ಇಲ್ಲೇನು?"

ಅವ್ವ ಅಕ್ಕನ ಮುಖ ನೋಡಿದಳು.

"ಅದು ಪುಡಿ ಕೂಡಸೋ ನೀರು. ವಕೀಲಕಿ ಮಾಡಬ್ಯಾಡ," ಎಂದಳು ದೊಡ್ಡವ್ವ.

ನಾನು ತಂಬಿಗೆ ಎತ್ತಿ ಕುಡಿದೆ. ಗಂಟಲಿನಿಂದ ಇಳಿದು, ಬಿಗಿದ ಸೀರೆಯೊಳಗೆ ಹೊಟ್ಟೆ ತುಂಬಿಕೊಳ್ಳುವುದು ಗೊತ್ತಾಗುತ್ತಿತ್ತು. ಖಾಲಿಯಾಗುವವರೆಗೂ ಕೆಳಗಿಡಲಿಲ್ಲ.

"ಹೊಟ್ಟಿ ಬರ್ತದ ನೋಡು. ಆಮ್ಯಾಲ ಹೇಳಿಲ್ಲನ್ನಬ್ಯಾಡ."

"ಬರಲಿ. ಇನ್ನೊಂದು ತಂಬಗಿ ತಾ, ಅವ್ವ."

ಅವ್ವ ಕದಲಲಿಲ್ಲ. ಹೊಲಿಗೆ ಹಾಕಿದ ಮೈ ಹಿಡಿದುಕೊಂಡು ನಾನೇ ಎದ್ದು ಅಡುಗೆಮನೆಗೆ ಹೋಗಿ ಕೊಡದಿಂದ ತುಂಬಿಸಿಕೊಂಡು ಬಂದೆ. ಅವಳು ತಡೆಯಲೂ ಇಲ್ಲ, ಕೈ ಹಿಡಿಯಲೂ ಇಲ್ಲ. ದೊಡ್ಡವ್ವನ ಮೇಲಿನ ಸಿಟ್ಟಿಗಿಂತ ಅವ್ವನ ಆ ನಿಂತ ನಿಲುವಿನ ಮೇಲಿನ ಸಿಟ್ಟು ದೊಡ್ಡದು. ನರ್ಸ್ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು.

ಕುಡಿಯುತ್ತಲೇ ಇದ್ದೆ, ಕೂಸನ್ನು ಎದೆಗೆ ಹಚ್ಚುತ್ತಲೇ ಇದ್ದೆ. ಡಬ್ಬಿಯ ಮುಚ್ಚಳ ತೆಗೆಯುವ ಪ್ರಸಂಗ ಬರಲಿಲ್ಲ. ಆ ರಾತ್ರಿ ಹಾಲು ಹೆಚ್ಚಲೆಂದು ದೊಡ್ಡವ್ವ ಅಳವಿ ಬೀಜದ ಪಾಯಸ ಮಾಡಿಕೊಟ್ಟಳು, ಅದನ್ನೂ ತಿಂದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹಗ್ಗದ ತುಂಬ ಕೂಸಿನ ಬಟ್ಟೆಗಳು. ದೊಡ್ಡವ್ವ ಒಣಹಾಕುತ್ತಾ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು: "ನಾ ಮಾಡಿದ ಅಳವಿ ಪಾಯಸದ ಕೆಲಸ ನೋಡ್ರಿ. ಹ್ಯಾಂಗ ಹಾಲು ಬಂತು."

ಕಿಟಕಿ ತೆರೆದೆ. "ಪಾಯಸದ್ದಲ್ಲ, ದೊಡ್ಡವ್ವ. ನೀರಿಂದು."

"ಹೌದೌದು, ಪೇಪರಿನಾಗ ಹಾಕು," ಎಂದಳು. ಪಕ್ಕದ ಮನೆಯಾಕೆ ನಕ್ಕಳು.

ಹಾಕಿದ್ದೇನೆ. ಪಾಯಸ ರುಚಿಯಾಗಿತ್ತು ಎಂಬುದನ್ನೂ ಹಾಕಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ. ಕಮಲಾಪುರಕ್ಕೆ ಬೇಸಿಗೆಯಲ್ಲಿ ಹೋದಾಗಲೆಲ್ಲ ಆ ಗೋಡೆಯ ಮೇಲಿನ ಬಟ್ಟಲು ತುಂಬಿಯೇ ಇರುತ್ತದೆ.